ಎಂಟು ಮಿನಿಟಿಗೆ ಒಂದು ಕೃತಜ್ಞತೆ

ಫಲ ಕೈಗೆ ಬಂದ ಮೇಲೆ ದೇವರನ್ನು ನೆನೆಯುವುದು ಎಲ್ಲರಿಗೂ ಬರುತ್ತದೆ. ಮಗ ಪಾಸಾದ, ಮಗಳಿಗೆ ಸೀಟು ಸಿಕ್ಕಿತು, ನೌಕರಿಯ ಆದೇಶ ಬಂತು ಎಂದ ಕೂಡಲೇ ಗುಡಿಯಲ್ಲಿ ಹಣ್ಣುಕಾಯಿ, ಚರ್ಚಿನಲ್ಲಿ ಮೇಣದ ಬತ್ತಿ, ದರ್ಗಾದಲ್ಲಿ ಸಕ್ಕರೆ. ಆದರೆ ಫಲ ಬರುವುದಕ್ಕೆ ಮುಂಚೆ, ಅದು ಬಂದೀತೋ ಇಲ್ಲವೋ ಎಂಬುದೇ ತಿಳಿಯದ ದೀರ್ಘ ದಿನಗಳಲ್ಲಿ, ಕೃತಜ್ಞತೆ ಎಂಬ ಮಾತಿಗೆ ಏನಾದರೂ ಅರ್ಥವಿದೆಯೆ? ಈ ಪ್ರಶ್ನೆಗೆ ಉಪದೇಶಕ್ಕಿಂತ ಒಬ್ಬ ಮನುಷ್ಯನ ಬದುಕು ಚೆನ್ನಾಗಿ ಉತ್ತರ ಹೇಳುತ್ತದೆ. ಆತ ಜೊಹಾನೆಸ್ ಕೆಪ್ಲರ್.

ವಿಜ್ಞಾನ ಓದುವ ಮಕ್ಕಳಿಗೆ ಕೆಪ್ಲರ್ ಎಂದರೆ ಮೂರು ನಿಯಮಗಳು. ಪರೀಕ್ಷೆಗೆ ಬಾಯಿಪಾಠ ಮಾಡಿದರೆ ಐದು ಅಂಕ. ಆ ಮೂರು ನಿಯಮಗಳ ನಡುವೆ ಎಷ್ಟು ವರ್ಷಗಳ ಕಾಯುವಿಕೆ ಇತ್ತು, ಆ ವರ್ಷಗಳನ್ನು ಆತ ಹೇಗೆ ಕಳೆದ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಊರಿನಲ್ಲಿ. ತಂದೆ ಸಂಬಳಕ್ಕಾಗಿ ಯಾರ ಸೈನ್ಯಕ್ಕೆ ಬೇಕಾದರೂ ಸೇರುವ ಸಿಪಾಯಿ. ಮನೆಯಲ್ಲಿ ನಿಂತದ್ದೇ ಕಡಿಮೆ. ಬಾಲ್ಯದಲ್ಲಿ ಬಂದ ಸಿಡುಬು ಹುಡುಗನ ದೃಷ್ಟಿಯನ್ನು ಮಂದಗೊಳಿಸಿತು. 1577ರಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡಾಗ ತಾಯಿ ಕಟರೀನಾ ಮಗನನ್ನು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು. ಕಣ್ಣು ಮಂದವಾದ ಹುಡುಗನಿಗೆ ಆಕಾಶದ ಹುಚ್ಚು ಹತ್ತಿದ್ದು ಹೀಗೆ.

ಆದರೂ ಆತನಿಗಿದ್ದ ಆಸೆ ಬೇರೆ. ಪಾದ್ರಿಯಾಗಬೇಕು, ಸಭೆಯ ಮುಂದೆ ನಿಂತು ದೇವರ ವಾಕ್ಯ ಬೋಧಿಸಬೇಕು. ವಿದ್ಯಾರ್ಥಿವೇತನ ಸಿಕ್ಕಿ 1589ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಸೇರಿದ. (ಕನ್ನಡ ನಿಘಂಟಿನ ಕಿಟೆಲ್ ಮುಂದೆ 1903ರಲ್ಲಿ ಕೊನೆಯುಸಿರೆಳೆದದ್ದೂ ಇದೇ ಟ್ಯೂಬಿಂಗೆನ್‌ನಲ್ಲಿ.) ವಿದ್ಯಾಭ್ಯಾಸ ಇನ್ನೇನು ಮುಗಿಯಬೇಕು ಎನ್ನುವಾಗ, 1594ರಲ್ಲಿ, ಆಸ್ಟ್ರಿಯಾದ ಗ್ರಾಟ್ಸ್ ನಗರದ ಶಾಲೆಗೆ ಗಣಿತದ ಮೇಷ್ಟರು ಬೇಕಾಗಿದ್ದಾರೆಂದು ಆತನನ್ನು ಅಲ್ಲಿಗೆ ಕಳಿಸಿಬಿಟ್ಟರು. ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಮೊದಲ ವರ್ಷ ಆತನ ತರಗತಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಎರಡನೆಯ ವರ್ಷ ಒಬ್ಬರೂ ಇಲ್ಲ!

ಪಾದ್ರಿಯಾಗುವ ಆಸೆ ಕೈಗೂಡಲೇ ಇಲ್ಲ. ಆದರೆ ಮರುವರ್ಷ ಗುರು ಮೆಸ್ಟ್ಲಿನ್‌ಗೆ ಬರೆದ ಕಾಗದದಲ್ಲಿ, ದೇವಶಾಸ್ತ್ರಜ್ಞನಾಗಬೇಕೆಂದು ಬಹಳ ಕಾಲ ಚಡಪಡಿಸಿದೆ, ಈಗ ನೋಡಿದರೆ ಖಗೋಳಶಾಸ್ತ್ರದ ಮೂಲಕವೂ ದೇವರ ಮಹಿಮೆ ಹೇಳಬಹುದಾಗಿದೆ ಎಂಬ ಭಾವವನ್ನು ತೋಡಿಕೊಂಡ. ಆಕಾಶವೂ ದೇವರು ಬರೆದ ಒಂದು ಗ್ರಂಥ, ಅದನ್ನು ಓದುವವನೂ ಒಂದು ಬಗೆಯ ಅರ್ಚಕ ಎಂಬುದು ಆತನ ಕೊನೆಯವರೆಗಿನ ನಂಬಿಕೆ.

ಧರ್ಮದ ಕಾರಣಕ್ಕೆ ಗ್ರಾಟ್ಸ್‌ನಿಂದ ಪ್ರಾಟೆಸ್ಟಂಟರನ್ನು ಹೊರಹಾಕಿದಾಗ, 1600ರಲ್ಲಿ, ಕೆಪ್ಲರ್ ನೆಲೆ ತಪ್ಪಿ ಪ್ರಾಗ್ ಸೇರಿದ. ಅಲ್ಲಿ ಟೈಕೋ ಬ್ರಾಹೆ ಇದ್ದ. ದುರ್ಬೀನು ಇನ್ನೂ ಬಂದಿರದ ಕಾಲದಲ್ಲಿ ಬರಿಗಣ್ಣು ಮತ್ತು ದೊಡ್ಡ ದೊಡ್ಡ ಲೋಹದ ಉಪಕರಣಗಳಿಂದ 20 ವರ್ಷಕ್ಕೂ ಮಿಕ್ಕಿ ಗ್ರಹಗಳ ಸ್ಥಾನಗಳನ್ನು ಅಳೆದು ಬರೆದಿಟ್ಟಿದ್ದ ಮಹಾನುಭಾವ. ಆತ ಕೆಪ್ಲರ್‌ಗೆ ಒಪ್ಪಿಸಿದ್ದು ಎಲ್ಲಕ್ಕಿಂತ ತುಂಟ ಗ್ರಹವನ್ನು, ಮಂಗಳನನ್ನು. ಎಂಟು ದಿನದಲ್ಲಿ ಲೆಕ್ಕ ಬಿಡಿಸುತ್ತೇನೆಂದು ಕೆಪ್ಲರ್ ಪಣ ಕಟ್ಟಿದನಂತೆ. ಹಿಡಿದದ್ದು ಸುಮಾರು ಐದು ವರ್ಷ.

ಈ ಐದು ವರ್ಷಗಳ ಮಧ್ಯದಲ್ಲಿ ನಡೆದ ಒಂದು ಸಂಗತಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಗ್ರಹಗಳು ವೃತ್ತಾಕಾರದಲ್ಲೇ ಚಲಿಸುತ್ತವೆ ಎಂಬುದು ಎರಡು ಸಾವಿರ ವರ್ಷಗಳ ನಂಬಿಕೆ. ಅದೇ ನಂಬಿಕೆಯ ಮೇಲೆ ಕೆಪ್ಲರ್ ಮಂಗಳನ ಪಥಕ್ಕೆ ಲೆಕ್ಕ ಹಾಕಿದ. ಲಾಗರಿದಮ್ ಇಲ್ಲ, ಕ್ಯಾಲ್ಕ್ಯುಲೇಟರ್ ಇಲ್ಲ; ಕಾಗದ, ಶಾಯಿ, ಗುಣಾಕಾರ, ಭಾಗಾಕಾರ. ಒಂದೇ ಲೆಕ್ಕವನ್ನು 70 ಸಲವಾದರೂ ಮಾಡಿದೆ, ಓದಿ ಬೇಸರವಾದರೆ ಮಾಡಿದವನ ಮೇಲೆ ಕನಿಕರವಿರಲಿ ಎಂಬರ್ಥದ ಮಾತನ್ನು ಆತ ತನ್ನ ಪುಸ್ತಕದಲ್ಲೇ ಹೇಳಿಕೊಂಡಿದ್ದಾನೆ. ಕೊನೆಗೆ ಲೆಕ್ಕ ಬಹುತೇಕ ಕೂಡಿಬಂತು. ಟೈಕೋನ ಅಳತೆಗೂ ಇದಕ್ಕೂ ಉಳಿದ ವ್ಯತ್ಯಾಸ ಎಂಟು ಮಿನಿಟು ಮಾತ್ರ.

ಇದು ಗಡಿಯಾರದ ಮಿನಿಟಲ್ಲ, ಕೋನದ ಮಿನಿಟು. ಪಂಚಾಂಗದವರು 'ಕಲೆ' ಎನ್ನುತ್ತಾರೆ. ಒಂದು ಡಿಗ್ರಿಯಲ್ಲಿ 60 ಮಿನಿಟು. ಹುಣ್ಣಿಮೆಯ ಚಂದ್ರನ ಅಗಲ ನಮ್ಮ ಕಣ್ಣಿಗೆ ಸುಮಾರು 30 ಮಿನಿಟಿನಷ್ಟು. ಅಂದರೆ ಕೆಪ್ಲರ್ ತಪ್ಪಿದ್ದು ಚಂದ್ರಬಿಂಬದ ಕಾಲು ಭಾಗದಷ್ಟು. ಅಂದಿನ ಕಾಲಕ್ಕೆ ಇದು ಕಣ್ಣುಮುಚ್ಚಿ ಕ್ಷಮಿಸಬಹುದಾದ ತಪ್ಪು. ಅಳತೆ ಮಾಡಿದವನೇ ಎಲ್ಲೋ ಎಡವಿರಬೇಕು ಎಂದು ಹೇಳಿ ಪುಸ್ತಕ ಮುಗಿಸಬಹುದಿತ್ತು.

ಕೆಪ್ಲರ್ ಹಾಗೆ ಮಾಡಲಿಲ್ಲ. ಟೈಕೋನ ಅಳತೆ ಎಂಟು ಮಿನಿಟು ತಪ್ಪುವಂಥದ್ದಲ್ಲ ಎಂಬುದು ಆತನಿಗೆ ಗೊತ್ತಿತ್ತು. ಇಷ್ಟು ಶ್ರದ್ಧೆಯ ವೀಕ್ಷಕನನ್ನು ದೇವರು ಕರುಣೆಯಿಂದ ತಮಗೆ ಕೊಟ್ಟಿದ್ದಾನೆ. ಆ ಕೊಡುಗೆಯನ್ನು ಕೃತಜ್ಞತೆಯಿಂದ ಸ್ವೀಕರಿಸಿ ಬಳಸಿಕೊಳ್ಳುವುದೇ ಯೋಗ್ಯ ಎಂಬ ಭಾವ ಆತನ ಬರಹದಲ್ಲಿದೆ. ಹಾಗೆ ಹೇಳಿ, ತಾನೇ ಕಟ್ಟಿದ ಲೆಕ್ಕವನ್ನು ತಾನೇ ಕೆಡವಿ ಮತ್ತೆ ಮೊದಲಿನಿಂದ ಶುರು ಮಾಡಿದ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಇಲ್ಲಿ ಕೃತಜ್ಞತೆ ಹುಟ್ಟಿದ್ದು ಗೆಲುವಿನ ದಿನವಲ್ಲ. ವರ್ಷಗಟ್ಟಲೆ ಪಟ್ಟ ಶ್ರಮ ನೀರಿನಲ್ಲಿ ಹೋಮವಾದ ದಿನ. ಉತ್ತರ ಇನ್ನೂ ಎಷ್ಟು ದೂರವಿದೆಯೆಂದು ಆತನಿಗೆ ಗೊತ್ತಿರಲಿಲ್ಲ. ಆದರೆ ಕೈಯಲ್ಲಿ ಏನಿದೆ ಎಂಬುದು ಗೊತ್ತಿತ್ತು: ಇನ್ನೊಬ್ಬನ ನಿಷ್ಠೆಯ ಅಳತೆ. ಕೊಟ್ಟದ್ದನ್ನು ಹಗುರ ಮಾಡದೆ, ತನಗೆ ಅನನುಕೂಲವಾದರೂ ಅದನ್ನು ಗೌರವಿಸುವುದು. ಕೆಪ್ಲರ್‌ನ ಮಟ್ಟಿಗೆ ಕೃತಜ್ಞತೆ ಎಂದರೆ ಇದು. ಬಾಯಿಯ ಮಾತಲ್ಲ, ಕೆಲಸ ಮಾಡುವ ರೀತಿ. 1605ರಲ್ಲಿ ಮಂಗಳನ ಪಥ ದೀರ್ಘವೃತ್ತವೆಂದು ಆತನಿಗೆ ಹೊಳೆಯಿತು. ಆ ಎಂಟು ಮಿನಿಟುಗಳೇ ಖಗೋಳಶಾಸ್ತ್ರವನ್ನು ಹೊಸದಾಗಿ ಕಟ್ಟುವ ದಾರಿ ತೋರಿಸಿದವು ಎಂದು ಆತನೇ ಗುರುತಿಸಿದ.

ಉತ್ತರ ಸಿಕ್ಕರೂ ಕಾಯುವುದು ಮುಗಿಯಲಿಲ್ಲ. ಟೈಕೋ 1601ರಲ್ಲೇ ತೀರಿಕೊಂಡಿದ್ದ. ಆತನ ವಾರಸುದಾರರ ತಕರಾರು, ಹಣದ ಅಡಚಣೆ ಎಲ್ಲ ಸೇರಿ ಪುಸ್ತಕ ಹೊರಬಂದದ್ದು 1609ರಲ್ಲಿ. 1611ರಲ್ಲಿ ಮನೆಗೆ ಸಿಡಿಲೆರಗಿತು. ಆರು ವರ್ಷದ ಮಗ ಫ್ರೀಡ್ರಿಕ್ ಸಿಡುಬಿಗೆ ಬಲಿಯಾದ. ಅದೇ ವರ್ಷ ಹೆಂಡತಿ ಬಾರ್ಬರಾ ತೀರಿಕೊಂಡಳು. ಆಶ್ರಯ ಕೊಟ್ಟಿದ್ದ ಚಕ್ರವರ್ತಿ ರುಡಾಲ್ಫ್ ಅಧಿಕಾರ ಕಳೆದುಕೊಂಡ. ಕೆಪ್ಲರ್ ಉಳಿದ ಮಕ್ಕಳೊಂದಿಗೆ 1612ರಲ್ಲಿ ಲಿನ್ಸ್ ಎಂಬ ಊರಿಗೆ ಹೋದ.

ಅಲ್ಲಿ ಆತನ ವಿಶ್ವಾಸಕ್ಕೇ ಪೆಟ್ಟು ಬಿತ್ತು. ಕ್ರೈಸ್ತರಿಗೆ ಪ್ರಭುಭೋಜನ ಅತ್ಯಂತ ಪವಿತ್ರವಾದ ಸಂಸ್ಕಾರ. ಯೇಸುವಿನ ಕೊನೆಯ ಊಟವನ್ನು ನೆನೆದು ಸಭೆಯವರೆಲ್ಲ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಪಾಲುಗೊಳ್ಳುತ್ತಾರೆ. ಲೂಥರನ್ ಸಭೆಯ ಸಿದ್ಧಾಂತ ಪತ್ರವೊಂದಕ್ಕೆ ಯಾವ ಷರತ್ತೂ ಇಲ್ಲದೆ ಸಹಿ ಹಾಕಬೇಕೆಂದು ಲಿನ್ಸಿನ ಪಾದ್ರಿ ಪಟ್ಟುಹಿಡಿದ. ಅದರಲ್ಲಿನ ಒಂದು ಅಂಶ ಕೆಪ್ಲರ್‌ನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಬೇರೆ ಪಂಗಡದ ಕ್ರೈಸ್ತರನ್ನು ಖಂಡಿಸಿ ದೂರವಿಡುವುದೂ ಆತನಿಗೆ ಬೇಕಿರಲಿಲ್ಲ. ಸಹಿ ಹಾಕಲಿಲ್ಲ, ಪ್ರಭುಭೋಜನ ಸಿಗಲಿಲ್ಲ. ಮೇಲಿನವರಿಗೆ ಬರೆದುಕೊಂಡ, ವಾದಿಸಿದ, ಮತ್ತೆ ಬರೆದುಕೊಂಡ. 1619ರಲ್ಲಿ ಬಂದ ಕೊನೆಯ ಉತ್ತರವೂ ಇಲ್ಲವೆಂದೇ.

ಒಮ್ಮೆ ಪಾದ್ರಿಯಾಗಲು ಹಂಬಲಿಸಿದವನು ಈಗ ಪಂಕ್ತಿಯಿಂದ ಹೊರಗೆ. ಕ್ಯಾಥೊಲಿಕ್ ಆಗಿ ಬದಲಾಗಿದ್ದರೆ ಆಸ್ಥಾನದಲ್ಲಿ ಸುಖವಾಗಿರಬಹುದಿತ್ತು. ಆತ ಬದಲಾಗಲೂ ಇಲ್ಲ, ದೇವರ ಮೇಲೆ ಮುನಿಸಿಕೊಳ್ಳಲೂ ಇಲ್ಲ. 1617ರಲ್ಲಿ ತನ್ನ ಮಕ್ಕಳಿಗೂ ಮನೆಯ ಆಳುಗಳಿಗೂ ಅರ್ಥವಾಗುವಂತೆ, ಪ್ರಶ್ನೋತ್ತರ ರೂಪದಲ್ಲಿ, ಒಂದು ಚಿಕ್ಕ ಪುಸ್ತಕ ಬರೆದು ಮುದ್ರಿಸಿದ. ಅದರ ವಿಷಯ ಪ್ರಭುಭೋಜನ! ತನಗೆ ನಿರಾಕರಿಸಿದ ಊಟದ ಮಹತ್ವವನ್ನು ತನ್ನ ಮನೆಯವರಿಗೆ ಕೂತು ಕಲಿಸಿದ ಮನುಷ್ಯನ ಮನಸ್ಸು ಎಂಥದ್ದಿರಬೇಕು!

ಎರಡನೆಯ ಮದುವೆಯ ಮಕ್ಕಳಲ್ಲೂ ಇಬ್ಬರು ಬೆನ್ನುಬೆನ್ನಿಗೆ ತೀರಿಕೊಂಡರು. 1618ರ ಫೆಬ್ರವರಿಯಲ್ಲಿ ಹೋದ ಕೂಸಿಗೆ ಅಜ್ಜಿಯ ಹೆಸರನ್ನೇ ಇಟ್ಟಿತ್ತು, ಕಟರೀನಾ. ಅದಾಗಿ ಮೂರು ತಿಂಗಳಿಗೆ, ಮೇ 15ರಂದು, ಮೂರನೆಯ ನಿಯಮ ಕೈಗೆ ಬಂತು. ಗ್ರಹವು ಸೂರ್ಯನನ್ನು ಸುತ್ತುವ ಕಾಲದ ವರ್ಗ, ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಯ ದೂರವನ್ನು 1 ಎಂದಿಟ್ಟುಕೊಂಡರೆ ಗುರುವಿನ ದೂರ 5.2, ಅದರ ಘನ ಸುಮಾರು 140.6. ಗುರು ಸೂರ್ಯನನ್ನು ಸುತ್ತಲು ಬೇಕಾದ 11.86 ವರ್ಷದ ವರ್ಗ ಸುಮಾರು 140.7. ಮಕ್ಕಳು ತಾವೇ ಲೆಕ್ಕ ಹಾಕಿ ನೋಡಬಹುದು. ಕರ್ನಾಟಕದ ಹಾಸನದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಲ್ಲೇ ಇರಬೇಕಾದದ್ದೂ ಇದೇ ನಿಯಮದಿಂದ.

ಈ ನಿಯಮವಿರುವ ಪುಸ್ತಕ 1619ರಲ್ಲಿ ಅಚ್ಚಾಯಿತು. ಸೃಷ್ಟಿಯ ಚೆಲುವನ್ನು ಕಾಣಲು ಬಿಟ್ಟ ದೇವರಿಗೆ ಅದರಲ್ಲಿ ಕೆಪ್ಲರ್ ಪ್ರಾರ್ಥನೆಯ ರೂಪದಲ್ಲಿ ವಂದನೆ ಸಲ್ಲಿಸಿದ್ದಾನೆ. ಇನ್ನೊಂದೆಡೆ, ಈ ಪುಸ್ತಕ ಓದುಗನಿಗಾಗಿ ನೂರು ವರ್ಷ ಕಾದರೂ ಚಿಂತೆಯಿಲ್ಲ, ತನ್ನ ಸೃಷ್ಟಿಯನ್ನು ಅರಿಯುವವನಿಗಾಗಿ ದೇವರೇ ಆರು ಸಾವಿರ ವರ್ಷ ಕಾದಿಲ್ಲವೆ ಎಂಬ ಅರ್ಥದಲ್ಲಿ ಬರೆದ. (ಸೃಷ್ಟಿಯ ವಯಸ್ಸು ಅಷ್ಟೇ ಎಂಬುದು ಅಂದಿನವರ ಎಣಿಕೆ.) ಕಾಯುವವನು ತಾನೊಬ್ಬನೇ ಅಲ್ಲ, ದೇವರೂ ಕಾಯುತ್ತಾನೆ! ಬಹುಶಃ ಈ ನಂಬಿಕೆಯೇ ಆತನನ್ನು ಹಿಡಿದು ನಿಲ್ಲಿಸಿತು. ನ್ಯೂಟನ್ನನ ಗುರುತ್ವದ ಗ್ರಂಥ ಬಂದದ್ದು 1687ರಲ್ಲಿ. ನೂರು ವರ್ಷವೇನೂ ಬೇಕಾಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಕಟ. ಧೂಮಕೇತು ತೋರಿಸಿದ್ದ ಆ ತಾಯಿ ಮಾಟಗಾತಿ ಎಂದು ಊರಿನವರು 1615ರಲ್ಲಿ ಆಪಾದನೆ ಹೊರಿಸಿದ್ದರು. 1620ರಲ್ಲಿ, ಎಪ್ಪತ್ತು ದಾಟಿದ ಮುದುಕಿಯನ್ನು ಸೆರೆಗೆ ಹಾಕಿದರು. ಮಗ ಲಿನ್ಸ್‌ನಿಂದ ಓಡಿಬಂದು, ವಿಜ್ಞಾನದ ಕೆಲಸ ಬದಿಗಿಟ್ಟು, ಆಪಾದನೆಗಳಿಗೆ ಒಂದೊಂದಾಗಿ ಲಿಖಿತ ಉತ್ತರ ಸಿದ್ಧಪಡಿಸಿದ. ಹದಿನಾಲ್ಕು ತಿಂಗಳ ಸೆರೆ. ಚಿತ್ರಹಿಂಸೆಯ ಸಲಕರಣೆಗಳನ್ನು ಎದುರಿಗಿಟ್ಟು ಹೆದರಿಸಿದರೂ ತಾಯಿ ಮಾಡದ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. 1621ರಲ್ಲಿ ಬಿಡುಗಡೆಯಾಯಿತು; ಮರುವರ್ಷ ಆಕೆ ಕಣ್ಣುಮುಚ್ಚಿದಳು.

ಟೈಕೋನ ಅಳತೆಗಳಿಂದ ಗ್ರಹಸ್ಥಾನಗಳ ಕೋಷ್ಟಕ ಸಿದ್ಧಪಡಿಸುವ ಹೊಣೆ ಕೆಪ್ಲರ್ ಮೇಲೆ 1601ರಿಂದಲೇ ಇತ್ತು. ಚಕ್ರವರ್ತಿಗಳಿಂದ ಸಂಬಳದ ಬಾಕಿ ಬೆಳೆಯುತ್ತಲೇ ಹೋಯಿತು. 1626ರ ರೈತರ ದಂಗೆಯಲ್ಲಿ ಲಿನ್ಸಿನ ಮುದ್ರಣಾಲಯವೇ ಸುಟ್ಟುಹೋಯಿತು. ಕೊನೆಗೆ ಉಲ್ಮ್ ಎಂಬ ಊರಿನಲ್ಲಿ 1627ರಲ್ಲಿ ಕೋಷ್ಟಕ ಅಚ್ಚಾಯಿತು. 26 ವರ್ಷ! ಬಾಕಿ ಹಣ ಕೇಳಲೆಂದು ಪಯಣ ಹೊರಟವನು ದಾರಿಯಲ್ಲಿ, ರೇಗೆನ್ಸ್‌ಬುರ್ಗ್ ನಗರದಲ್ಲಿ, 1630ರ ನವೆಂಬರ್ 15ರಂದು ತೀರಿಕೊಂಡ. ಸಮಾಧಿಯಿದ್ದ ಜಾಗವೂ ಯುದ್ಧದಲ್ಲಿ ಅಳಿಸಿಹೋಯಿತು. ಒಂದು ವರ್ಷ ತುಂಬುವುದರೊಳಗೆ, 1631ರ ನವೆಂಬರ್ 7ರಂದು, ಆತ ಮುಂಚಿತವಾಗಿ ತಿಳಿಸಿದ್ದಂತೆಯೇ ಬುಧಗ್ರಹ ಸೂರ್ಯಬಿಂಬದ ಮೇಲೆ ಸಣ್ಣ ಕಪ್ಪು ಚುಕ್ಕೆಯಾಗಿ ಹಾದುಹೋದದ್ದನ್ನು ಪ್ಯಾರಿಸಿನಲ್ಲಿ ಗಸೆಂಡಿ ಕಂಡ. ಗಸೆಂಡಿ ಕ್ಯಾಥೊಲಿಕ್ ಪಾದ್ರಿ.

ಕೃತಜ್ಞತೆ ಎಂದರೆ ಎಲ್ಲವನ್ನೂ ನಗುನಗುತ್ತ ಸಹಿಸುವುದು ಎಂದು ತಿಳಿಯಬೇಕಾಗಿಲ್ಲ. ಕೆಪ್ಲರ್ ಮಕ್ಕಳಿಗಾಗಿ ಅತ್ತ, ಸಂಬಳಕ್ಕಾಗಿ ಅರ್ಜಿ ಹಾಕಿದ, ಸಭೆಯೊಡನೆ ವಾದಿಸಿದ, ತಾಯಿಗಾಗಿ ನ್ಯಾಯಾಲಯದಲ್ಲಿ ಹೋರಾಡಿದ. ಕೃತಜ್ಞನಾದವನಿಗೆ ಎಲ್ಲವೂ ಸರಿಯಾಗಿಯೇ ಹೊಳೆಯುತ್ತದೆ ಎಂದೂ ಅಲ್ಲ. ಗ್ರಹಗಳ ದೂರಕ್ಕೂ ಐದು ಘನಾಕೃತಿಗಳಿಗೂ ಆತ ಕಲ್ಪಿಸಿದ್ದ ಸಂಬಂಧ ಸುಳ್ಳಾಯಿತು, ಆತ ಮಾತ್ರ ಅದನ್ನು ಕಡೆಯವರೆಗೂ ಬಿಡಲಿಲ್ಲ. ಪ್ರಾರ್ಥಿಸಿದ್ದೆಲ್ಲ ಸಿಗಲೂ ಇಲ್ಲ. ಲಿನ್ಸಿನ ಸಭೆಯ ಬಾಗಿಲು ಆತನಿಗೆ ತೆರೆಯಲೇ ಇಲ್ಲ. ಸಿಕ್ಕಿದ್ದು ಬೇರೆ.

ಫಲಿತಾಂಶಕ್ಕೋ ಸೀಟಿಗೋ ನೌಕರಿಗೋ ಕಾಯುವ ಮನೆಗಳಲ್ಲಿ ಇಲ್ಲದ್ದರ ಲೆಕ್ಕವೇ ಹಗಲೂ ರಾತ್ರಿ ನಡೆಯುತ್ತಿರುತ್ತದೆ. ಅಂಥ ಮನೆಯಲ್ಲಿ ತಂದೆತಾಯಿಯರು ಮಗನನ್ನೋ ಮಗಳನ್ನೋ 'ಇನ್ನೂ ಏನೂ ಆಗಲಿಲ್ಲವೆ?' ಎಂದು ಕೇಳುವ ಬದಲು, 'ಈಗ ಕೈಯಲ್ಲಿ ಏನಿದೆ?' ಎಂದು ಒಂದು ದಿನ ಕೇಳಿ ನೋಡಬಹುದು. ಒಳ್ಳೆಯ ಮೇಷ್ಟರೊಬ್ಬರು ಕಲಿಸಿದ ಒಂದು ಪಾಠ, ಗೆಳೆಯನೊಬ್ಬ ಕೊಟ್ಟ ನೋಟ್ಸು, ಕಡಿಮೆ ಬಂದ ಅಂಕಗಳು ತೋರಿಸಿಕೊಟ್ಟ ಒಂದು ದೌರ್ಬಲ್ಯ. ಏನಾದರೂ ಇದ್ದೇ ಇರುತ್ತದೆ. ಕೆಪ್ಲರ್ ಅದನ್ನು ದೇವರ ಕೊಡುಗೆ ಎಂದ. ಬೇರೆಯವರು ಬೇರೆ ಹೆಸರಿಟ್ಟು ಕರೆಯಲಿ. ಅದನ್ನು ಹಗುರ ಮಾಡದೆ ಮರುದಿನದ ಕೆಲಸಕ್ಕೆ ಹಚ್ಚುವುದು ಮುಖ್ಯ.