ಐಸಿಯು ಪೋಸ್ಟಿಂಗ್, ಭಾಗ 4: ಬೆರಳು ಯಾಕೆ ತಣ್ಣಗೈತೆ?
ನಮ್ಮ ಹೊರಕೆರೆದೇವಪುರದ ಕಡೆ ಅಡಿಕೆ ತೋಟ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಮೋಟಾರ್ ಅದೇ, ನೀರೂ ಅಷ್ಟೇ, ಆದ್ರೆ ಪೈಪೆಲ್ಲ ಒಮ್ಮೆಗೇ ಅಗಲ ಆಗಿ ಅಲ್ಲಲ್ಲಿ ಸೋರೋಕೂ ಶುರುವಾದ್ರೆ? ಕೊನೆ ಸಾಲಿಗೆ ಪ್ರೆಶರ್ ಸಿಗಲ್ಲ. ಸೆಪ್ಟಿಕ್ ಶಾಕ್‌ನಲ್ಲಿ ರಕ್ತನಾಳಗಳ ಕಥೆ ಹೆಚ್ಚುಕಡಿಮೆ ಇದೇ. ಬರೀ ಡ್ರಿಪ್ ಏರಿಸಿದ್ರೆ ಸಾಲಲ್ಲ.

ಆಗ ಬರೋದು ನಾರ್‌ಅಡ್ರಿನಾಲಿನ್. ನಾಳ ಬಿಗಿ ಮಾಡಿ ಸರಾಸರಿ ಒತ್ತಡವನ್ನ 65ಕ್ಕೆ ಮುಟ್ಟಿಸೋದು ಮೊದಲ ಗುರಿ. (ಎಕ್ಸಾಮ್‌ಗೆ ಓದೋರೇ, ಡೋಪಮಿನ್ ಈಗ ಮೊದಲ ಆಯ್ಕೆ ಅಲ್ಲ. 2010ರಲ್ಲಿ ಬಂದ ಯುರೋಪಿನ ದೊಡ್ಡ ಅಧ್ಯಯನದಲ್ಲಿ ಎದೆಬಡಿತ ಏರುಪೇರಾಗಿದ್ದು ಅದರಲ್ಲೇ ಜಾಸ್ತಿ.) ಇದು ಸೋಂಕನ್ನ ಕೊಲ್ಲಲ್ಲ. ಆಂಟಿಬಯಾಟಿಕ್ ಕೆಲಸ ಮಾಡೋವರೆಗೂ ಜೀವ ಹಿಡಿದಿಡುತ್ತೆ, ಅಷ್ಟೇ.

ಮೂತ್ರದ ಸೋಂಕಿಂದ ಶಾಕ್‌ಗೆ ಹೋದ ನಮ್ಮ ಕಡೆಯ ಅಜ್ಜಿ ಒಬ್ಬರಿದ್ದಾರೆ. ಮಗ ಕೇಳಿದ್ರು: "ಬಿಪಿ ಸರಿಹೋಯ್ತು ಅಂತೀಯಲ್ಲಮ್ಮ, ಅವ್ವನ ಬೆರಳು ಯಾಕೆ ಹಿಂಗೆ ತಣ್ಣಗೈತೆ?"

ನನಗಂತೂ ಪುಸ್ತಕಕ್ಕಿಂತ ದೊಡ್ಡ ಪ್ರಶ್ನೆ ಅನ್ನಿಸ್ತು. ಔಷಧಿ ಬೆರಳಿನ ನಾಳಗಳನ್ನೂ ಬಿಡಲ್ಲ. ಡೋಸ್ ತುಂಬಾ ಏರಿದ್ರೆ ತುದಿ ಕಪ್ಪಾಗೋದೂ ಉಂಟು. ಅದಕ್ಕೇ ಮಾನಿಟರ್ ನಂಬರ್ ಒಂದನ್ನೇ ನಂಬಲ್ಲ: ಉಗುರು ಒತ್ತಿ ಬಿಟ್ರೆ ಎಷ್ಟು ಸೆಕೆಂಡಿಗೆ ಬಣ್ಣ ಮರಳುತ್ತೆ, ಗಂಟೆಗೆ ಮೂತ್ರ ಎಷ್ಟು ಬಂತು, ಎಲ್ಲ ನೋಡ್ತೀವಿ.

ಇವತ್ತು ಅಜ್ಜಿ ಡೋಸ್ ಅರ್ಧಕ್ಕೆ ಇಳಿದಿದೆ. ಬೆರಳು ಇನ್ನೂ ತಣ್ಣಗೇ ಇದೆ.