ನಿಂಬೆನೀರಿಗೆ ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು

ಬೆಳಗ್ಗೆ ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಹೊರಬರುವವರ ಮಾತು ಕೇಳಿ: "ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆರಸ, ಜೇನುತುಪ್ಪ. ಕೊಬ್ಬು ಕರಗುತ್ತೆ ಕಣ್ರೀ." ಕರಗಲ್ಲ. ಈ ಮಾತಾಡುತ್ತಲೇ ಗಾಂಧಿ ಬಜಾರಿನ ಕಡೆ ಮಸಾಲೆ ದೋಸೆಗೆ ಹೊರಟರೆ ಇನ್ನೂ ಕರಗಲ್ಲ. ಸಿಹಿ ಜ್ಯೂಸಿನ ಬದಲು ಇದನ್ನು ಕುಡಿದರೆ ಒಂದಿಷ್ಟು ಕ್ಯಾಲೊರಿ ಉಳಿಯುತ್ತದೆ, ಅಷ್ಟೇ. ಆ ಕೀರ್ತಿ ನೀರಿನದು.

ಹಾಗಂತ ನಿಂಬೆ ದಂಡವಲ್ಲ. ಅದರ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಬೆರೆತು ಕಿಡ್ನಿಯಲ್ಲಿ ಕಲ್ಲು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಸಿ ಜೀವಸತ್ವವೋ, ಬೇಳೆಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯುವಂತೆ ಮಾಡುತ್ತದೆ. ಚಾಮರಾಜಪೇಟೆಯಲ್ಲಿ ರಾಮನವಮಿಗೆ ಹೆಸರುಬೇಳೆ ಕೋಸಂಬರಿಗೆ ನಿಂಬೆ ಹಿಂಡಿ ಕೊಡುತ್ತಾರಲ್ಲ, ಖಾಲಿ ಹೊಟ್ಟೆಯ ಲೋಟಕ್ಕಿಂತ ಅದೇ ಜಾಣ ದಾರಿ ಅನ್ನಿಸುತ್ತೆ ನನಗೆ. (ಜೊತೆಗೆ ಕೊಡುವ ಪಾನಕದ ಬೆಲ್ಲದ ಲೆಕ್ಕವನ್ನು ಸಕ್ಕರೆ ಕಾಯಿಲೆಯವರು ಬೇರೆ ಇಡಬೇಕು.)

ತೊಂದರೆ ಹಲ್ಲಿಗೆ. ನಿಂಬೆರಸದ ಪಿಎಚ್ 2ರಿಂದ 3. ಸುಮಾರು 5.5ರ ಕೆಳಗೇ ಎನಾಮಲ್ ಕರಗತೊಡಗುತ್ತದೆ. ನೀರು ಬೆರೆಸಿದ ಮಾತ್ರಕ್ಕೆ ಹುಳಿ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ವಾಕಿಂಗ್ ಉದ್ದಕ್ಕೂ ಬಾಟಲಿಯಿಂದ ಗುಟುಕು ಗುಟುಕಾಗಿ ಹೀರುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಎದೆಯುರಿ, ಹುಳಿತೇಗು ಇರುವವರಿಗೂ ಇದು ಬೇಡ. ಬಿಪಿ ಇರುವವರು ಉಪ್ಪು ಹಾಕಿದ್ದನ್ನು ಬಿಡುವುದೇ ಸರಿ.

ಕುಡಿಯುವುದಾದರೆ ಊಟದ ಜೊತೆ ಕುಡಿದು, ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಬ್ರಷ್ ಹಿಡಿಯುವ ಮುನ್ನ ಅರ್ಧ ಗಂಟೆಯಾದರೂ ತಡೆಯಿರಿ.