ನೇಪಿಯನ್ ಎಂಬ ಊರಿಲ್ಲದ ಕ್ಷೇತ್ರ

2025ರ ಫೆಬ್ರವರಿಯಲ್ಲಿ ಈ ಲೇಖಕನ ಮಗಳು ಕೆನಡಾದಿಂದ ಒಂದು ಫೋಟೊ ಕಳಿಸಿದಳು. ಮೊಣಕಾಲಮಟ್ಟ ಹಿಮ, ಹಿಮದೊಳಗೆ ತಂತಿ ಕಾಲಿನ ಮೇಲೆ ನಿಂತ ಚುನಾವಣೆ ಬೋರ್ಡು. ‘ಅಪ್ಪಾ, ನಮ್ಮ ಮನಿ ಮುಂದ ಇಲೆಕ್ಷನ್ ಬಂದದ ನೋಡು’ ಎಂಬ ಒಕ್ಕಣೆ. ಧಾರವಾಡದ ಸಾಧನಕೇರಿಯಲ್ಲಿ ಬೆಳಗಿನ ವಾಕಿಂಗ್ ಗೆಳೆಯರಿಗೆ ಅದನ್ನು ತೋರಿಸಿದ್ದೇ ತಡ, ಎಲ್ಲರದೂ ಒಂದೇ ಪ್ರಶ್ನೆ: ‘ನಮ್ಮ ಚಂದ್ರ ಆರ್ಯ ನಿಂತಾರೇನ್ರಿ?’

ಪ್ರಶ್ನೆ ಸಹಜ. ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದವರು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದವರು, 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡ ಮಾತಾಡಿದವರು. ಆ ವಿಡಿಯೊ ಬಾರದ ಮೊಬೈಲು ಧಾರವಾಡದಲ್ಲಿ ಇದ್ದಿರಲಾರದು. ಅದರ ಜೊತೆಗೇ ಅವರ ಕ್ಷೇತ್ರದ ಹೆಸರೂ ಇಲ್ಲಿನವರ ಬಾಯಿಗೆ ಬಂತು: ನೇಪಿಯನ್. ಆದರೆ ಆರ್ಯ ಅವರದು ದೇಶದ ಸಂಸತ್ತಿನ ನೇಪಿಯನ್. ಹಿಮದಲ್ಲಿ ಬೋರ್ಡು ನೆಟ್ಟಿದ್ದು ಒಂಟಾರಿಯೊ ಪ್ರಾಂತದ ಶಾಸನಸಭೆಯ ನೇಪಿಯನ್‌ಗೆ. ಹೆಸರು ಒಂದೇ, ಮತಪೆಟ್ಟಿಗೆ ಬೇರೆ. ಸಂಸತ್ತಿನ ಕ್ಷೇತ್ರಕ್ಕೆ ಎರಡೇ ತಿಂಗಳಲ್ಲಿ ಭಾರೀ ವೈಭವ ಬಂತು. ಲಿಬರಲ್ ಪಕ್ಷ ಆರ್ಯ ಅವರ ಉಮೇದುವಾರಿಕೆ ಹಿಂತೆಗೆದುಕೊಂಡು ಮಾರ್ಕ್ ಕಾರ್ನಿಯವರನ್ನು ನಿಲ್ಲಿಸಿತು. ಅವರು ಗೆದ್ದರು, ನೇಪಿಯನ್ ಪ್ರಧಾನಿಯ ಕ್ಷೇತ್ರವಾಯಿತು. ಪ್ರಾಂತದ ನೇಪಿಯನ್ ಬಗ್ಗೆ ಯಾರೂ ವಿಡಿಯೊ ಕಳಿಸುವುದಿಲ್ಲ. ಲೇಖಕನಿಗೆ ಇಷ್ಟವಾದದ್ದು ಅದೇ.

ಇಷ್ಟವಾಗಲು ಇನ್ನೊಂದು ಕಾರಣವಿತ್ತು. ನೇಪಿಯನ್ ಎಂಬ ಹೆಸರನ್ನು ಅವನು ಮೊದಲು ಕೇಳಿದ್ದು ಕೆನಡಾದಿಂದಲ್ಲ, ಸೋದರಮಾವನಿಂದ. ಮಾವ ಮುಂಬೈಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ. ಬೇಸಿಗೆ ರಜೆಗೆ ಬಂದಾಗ ಕಟ್ಟೆಯ ಮೇಲೆ ಕೂತು, ತನ್ನ ಸಾಹೇಬರ ಮನೆ ನೇಪಿಯನ್ ಸೀ ರೋಡಿನಲ್ಲಿದೆ ಎಂದು ಹೇಳುವ ರೀತಿ ಹೇಗಿರುತ್ತಿತ್ತೆಂದರೆ, ಆ ಮನೆಯ ಸಮುದ್ರದ ಗಾಳಿಯಲ್ಲಿ ತನಗೂ ಪಾಲಿದೆಯೇನೋ ಎಂಬಂತೆ. ಮಲಬಾರ್ ಹಿಲ್‌ಗೆ ಅಂಟಿಕೊಂಡ ಆ ರಸ್ತೆಗೆ ಈಗ ಎಲ್. ಜಗಮೋಹನದಾಸ್ ಮಾರ್ಗ ಎಂಬ ಹೆಸರಿದೆ. ಮುಂಬೈ ಜನ ಮಾತ್ರ ನೇಪಿಯನ್ ಸೀ ರೋಡನ್ನು ಬಿಟ್ಟಿಲ್ಲ.

ಮುಂಬೈಯ ರಸ್ತೆಯಲ್ಲೂ ಕೆನಡಾದ ಒಟ್ಟಾವದ ನೇಪಿಯನ್ ಉಪನಗರದಲ್ಲೂ ಇರುವುದು ಒಬ್ಬನೇ ಮನುಷ್ಯ. ಸರ್ ಈವನ್ ನೇಪಿಯನ್, 1752ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದವನು. ಯುದ್ಧ ಗೆದ್ದವನಲ್ಲ, ಖಂಡ ಕಂಡುಹಿಡಿದವನಲ್ಲ, ಕಾಗದಪತ್ರದ ಮನುಷ್ಯ. ಲಂಡನ್ನಿನ ಗೃಹ ಇಲಾಖೆಯಲ್ಲಿ ಅಧೀನ ಕಾರ್ಯದರ್ಶಿ, ಆಮೇಲೆ ನೌಕಾಪಡೆಯ ಆಡಳಿತ ಕಚೇರಿಯಲ್ಲಿ ಕಾರ್ಯದರ್ಶಿ. ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಹೊತ್ತ ಮೊದಲ ಹಡಗುಗಳ ಏರ್ಪಾಡು ಅವನ ಮೇಜಿನ ಮೇಲೆಯೇ ಹಾದುಹೋಯಿತು. ದೂರದ ವಸಾಹತುಗಳಲ್ಲಿದ್ದ ಅಧಿಕಾರಿಗಳು ಇಂಥ ಮೇಲಧಿಕಾರಿಯ ಹೆಸರನ್ನು ನದಿಗೂ ಭೂಶಿರಕ್ಕೂ ಇಟ್ಟು ಕೃತಜ್ಞತೆ ಸಲ್ಲಿಸುತ್ತಿದ್ದರು. ಹಾಗಾಗಿ ಸಿಡ್ನಿಯ ಪಕ್ಕ ನೇಪಿಯನ್ ನದಿ ಇದೆ, ಮೆಲ್ಬರ್ನ್ ಬಳಿ ಪಾಯಿಂಟ್ ನೇಪಿಯನ್ ಇದೆ. ವಿಕ್ಟೋರಿಯಾ ರಾಜ್ಯದ ಶಾಸನಸಭೆಗೂ ಒಂದು ನೇಪಿಯನ್ ಕ್ಷೇತ್ರವಿದ್ದು, 2022ರಲ್ಲಿ ಅಲ್ಲಿ ಗೆದ್ದವರು ಟೆನಿಸ್ ಅಂಗಳದಲ್ಲಿ ಗಂಟೆಗೆ 263 ಕಿಲೋಮೀಟರು ವೇಗದ ಸರ್ವ್ ಹೊಡೆದ ಸ್ಯಾಮ್ ಗ್ರೋಥ್.

ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದದ್ದು ಅವನ ಹೆಸರು. ಮುಂಬೈಗೆ ಬಂದವನು ಸ್ವತಃ ಅವನೇ, 1812ರಲ್ಲಿ, ಗವರ್ನರ್ ಆಗಿ. 1819ರವರೆಗೆ ಇದ್ದ. ಆ ಅವಧಿಯಲ್ಲೇ, 1818ರಲ್ಲಿ, ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಸೇರಿತು, ಮುಂಬೈ ಪ್ರಾಂತದ ಲೆಕ್ಕಕ್ಕೆ ಬಿತ್ತು. ಧಾರವಾಡದವರು ಕಿತ್ತೂರಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಯನ್ನು ಶಾಲೆಯಲ್ಲೇ ಬಾಯಿಪಾಠ ಮಾಡುತ್ತಾರೆ. ಮನ್ರೊನನ್ನೂ ಎಲ್ಫಿನ್‌ಸ್ಟನ್‌ನನ್ನೂ ಬಲ್ಲವರಿದ್ದಾರೆ. ನೇಪಿಯನ್‌ನನ್ನು ಕೇಳುವವರಿಲ್ಲ. ಮುಂಬೈಯಲ್ಲಿ ಕೂತು ಪತ್ರಗಳಿಗೆ ಸಹಿ ಹಾಕಿದವನನ್ನು ಯಾಕೆ ಕೇಳಬೇಕು? ಆದರೂ ಧಾರವಾಡದ ಹುಡುಗಿಯೊಬ್ಬಳು ಇನ್ನೂರು ವರ್ಷಗಳ ಮೇಲೆ ಮನೆ ಮಾಡಿಕೊಂಡಿದ್ದು ಅದೇ ಗವರ್ನರನ ಹೆಸರಿನಲ್ಲಿ ಎಂಬುದು ಲೇಖಕನನ್ನು ವಾರಗಟ್ಟಲೆ ಖುಷಿಯಲ್ಲಿಟ್ಟಿತು. ಮಗಳಿಗೆ ಹೇಳಿದರೆ ಅವಳು ‘ಹೌದಾ?’ ಎಂದಳು, ಅಷ್ಟೇ. ಮನೆಯ ಕಂತು ಕಟ್ಟುವವರಿಗೆ ಗವರ್ನರುಗಳು ಮುಖ್ಯರಲ್ಲ.

ಅವಳಿರುವ ಬಾರ್‌ಹೇವನ್ ಬಡಾವಣೆಯ ಹುಟ್ಟೂ ಚೆನ್ನಾಗಿದೆ. 1960ರ ದಶಕದಲ್ಲಿ ಮೆಲ್ ಬಾರ್ ಎಂಬಾತ ಕುದುರೆ ರೇಸಿನ ಮೈದಾನಕ್ಕೆಂದು ಅಲ್ಲಿ ಹೊಲ ಕೊಂಡಿದ್ದ. ರೇಸು ಬೇರೆಡೆಗೆ ಹೋಯಿತು, ಅವನು ಮನೆ ಕಟ್ಟಿಸಲು ಹೊರಟ. ಹೊಲವಿದ್ದಲ್ಲಿ ಗ್ಯಾರೇಜಿನ ಮನೆಗಳು, ಸರಕಾರಿ ನೌಕರರು, ಶಾಲೆಗಳು. 1978ರಲ್ಲಿ ನೇಪಿಯನ್ ನಗರವಾಯಿತು. ಕೈಯಲ್ಲಿ ಕಾಸಿದ್ದರಷ್ಟೇ ಕಾಮಗಾರಿ ಎಂಬುದು ಆ ನಗರಸಭೆಯ ಪಟ್ಟು. ಸಾಲವಿಲ್ಲದ ಊರೆಂದು ಹೆಸರು.

ಪ್ರಾಂತದ ಶಾಸನಸಭೆಯಲ್ಲಿ ನೇಪಿಯನ್‌ಗೆ ಸ್ವಂತ ಕುರ್ಚಿ ಸಿಕ್ಕಿದ್ದು 1987ರಲ್ಲಿ. ಡೇವಿಡ್ ಪೀಟರ್ಸನ್ ಅವರ ಲಿಬರಲ್ ಪಕ್ಷ 130ರಲ್ಲಿ 95 ಸ್ಥಾನ ಬಾಚಿದ ವರ್ಷ ಅದು. ಇಲ್ಲಿ ಗೆದ್ದವರು ಆ ಪಕ್ಷದ ಹ್ಯಾನ್ಸ್ ಡೈಗೆಲರ್. 1990ರಲ್ಲಿ ಪ್ರಾಂತವೆಲ್ಲ ನ್ಯೂ ಡೆಮಾಕ್ರಟಿಕ್ ಪಕ್ಷದ ಬಾಬ್ ರೇ ಕಡೆ ತಿರುಗಿದರೂ ನೇಪಿಯನ್ ಡೈಗೆಲರ್ ಅವರನ್ನೇ ಉಳಿಸಿಕೊಂಡಿತು. 1995ರಲ್ಲಿ ಕನ್ಸರ್ವೇಟಿವ್ ನಾಯಕ ಮೈಕ್ ಹ್ಯಾರಿಸ್ ಅಲೆ. ಜಾನ್ ಬೇರ್ಡ್ ಎಂಬ 26ರ ಕನ್ಸರ್ವೇಟಿವ್ ಹುಡುಗ ಗೆದ್ದು ಸಭೆಗೇ ಕಿರಿಯನಾದ. ಮುಂದೆ ದೇಶದ ವಿದೇಶಾಂಗ ಸಚಿವನಾದದ್ದೂ ಅವನೇ.

ಇಲ್ಲಿಂದ ನೇಪಿಯನ್‌ನ ಗ್ರಹಚಾರ. ರಾಜಕಾರಣಿಗಳ ಸಂಖ್ಯೆ ಇಳಿಸುವುದೇ ಉದ್ದೇಶವೆಂದು ಹೆಸರಿನಲ್ಲೇ ಸಾರಿದ 1996ರ ಕಾಯಿದೆ ಕ್ಷೇತ್ರಗಳನ್ನು 130ರಿಂದ 103ಕ್ಕೆ ತಂದಿತು. 1999ರಲ್ಲಿ ನೇಪಿಯನ್, ಸುತ್ತಲ ಹಳ್ಳಿಗಳನ್ನು ಕಟ್ಟಿಕೊಂಡು ‘ನೇಪಿಯನ್-ಕಾರ್ಲ್‌ಟನ್’ ಆಯಿತು. ನಗರಸಭೆಗಳ ರಾಜಕಾರಣಿಗಳನ್ನು ಕಡಿಮೆ ಮಾಡುವ ಇನ್ನೊಂದು ಕಾಯಿದೆ 1999ರಲ್ಲೇ ಬಂತು. 2001ರ ಜನವರಿ 1ರಂದು ನೇಪಿಯನ್ ನಗರವೇ ಒಟ್ಟಾವದಲ್ಲಿ ಕರಗಿತು. ಒಂದು ಕಾಯಿದೆ ಕುರ್ಚಿಯನ್ನು ಹಂಚಿತು, ಇನ್ನೊಂದು ಊರನ್ನೇ ಅಳಿಸಿತು. ಎರಡೂ ಸಲ ಊರಿನ ಶಾಸಕ ಆಳುವ ಪಕ್ಷದ ಬೆಂಚಿನಲ್ಲೇ ಇದ್ದ!

ಈ ಸಂಕಟ ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. 1962ರಲ್ಲಿ ಹುಬ್ಬಳ್ಳಿಯ ಜೊತೆ ಒಂದೇ ಪಾಲಿಕೆಗೆ ಬಿದ್ದಂದಿನಿಂದ ‘ನಮ್ಮ ತೆರಿಗಿ ಅಲ್ಲಿಗೆ ಹೋಗ್ತದ’ ಎನ್ನುವ ಮಾತು ಇಲ್ಲಿನ ಕಟ್ಟೆಗಳಲ್ಲಿ ತಣ್ಣಗಾಗಿದ್ದೇ ಇಲ್ಲ. ಬೇರೆ ಪಾಲಿಕೆಗೆ ಸಚಿವ ಸಂಪುಟ ಒಪ್ಪಿದ್ದು 2025ರ ಜನವರಿಯಲ್ಲಿ.

ನೇಪಿಯನ್‌ಗೆ ಊರು ಮರಳಲಿಲ್ಲ. ಮರಳಿದ್ದು ಕ್ಷೇತ್ರ. ಬೇರ್ಡ್ ಸಂಸತ್ತಿನ ಆಸೆಗೆ ರಾಜೀನಾಮೆ ಕೊಟ್ಟಮೇಲೆ, 2006ರ ಮಾರ್ಚ್ 30ರ ಉಪಚುನಾವಣೆಯಲ್ಲಿ ಗೆದ್ದ ಅದೇ ಪಕ್ಷದ ಲೀಸಾ ಮಕ್ಲೌಡ್ ಆಮೇಲೆ ಸೋಲಲೇ ಇಲ್ಲ. 2003ರಿಂದ 2018ರವರೆಗೆ ಪ್ರಾಂತವನ್ನಾಳಿದ್ದು ಲಿಬರಲ್ಲರು. ಅವರ ನಾಯಕ ಡಾಲ್ಟನ್ ಮಗಿಂಟಿ ಗೆಲ್ಲುತ್ತಿದ್ದದ್ದು ಅದೇ ನಗರದ ಒಟ್ಟಾವ ಸೌತ್‌ನಿಂದ. ಅಷ್ಟು ಹತ್ತಿರವಿದ್ದೂ ಈ ಕ್ಷೇತ್ರ ಅವರಿಗೆ ದಕ್ಕಲಿಲ್ಲ. 2018ರಲ್ಲಿ ಗಡಿ ಮತ್ತೆ ಬರೆದಾಗ ಹಳ್ಳಿಗಳು ಕಳಚಿ, ‘ನೇಪಿಯನ್’ ಒಂಟಿಯಾಗಿ ಪಟ್ಟಿಗೆ ಬಂತು. ಅದೇ ವರ್ಷ ಡಗ್ ಫೋರ್ಡ್ ಸರಕಾರ ಬಂದು ಮಕ್ಲೌಡ್ ಸಚಿವೆಯಾದರು.

ಇನ್ನು ಹಿಮದ ಬೋರ್ಡಿನ ಫಲಿತಾಂಶ. 2025ರ ಫೆಬ್ರವರಿ 27ರ ಚುನಾವಣೆಗೆ ಮಕ್ಲೌಡ್ ನಿಲ್ಲಲಿಲ್ಲ. ಫೋರ್ಡ್ ಅವರ ಪಕ್ಷ 124ರಲ್ಲಿ 80 ಗೆದ್ದು ಮೂರನೇ ಸಲ ಬಹುಮತ ಪಡೆಯಿತು. ನೇಪಿಯನ್ ಮಾತ್ರ ಟೈಲರ್ ವಾಟ್ ಎಂಬ ಲಿಬರಲ್ ನರ್ಸನ್ನು ಆರಿಸಿತು. ಇದು ಆಳುವ ಪಕ್ಷದ ಹಿಂದೆ ಹೋಗುವ ಕ್ಷೇತ್ರ ಎಂದುಕೊಳ್ಳುವವರು ಗಮನಿಸಬೇಕು: 1987ರಿಂದ ನಡೆದ 11 ಮಹಾಚುನಾವಣೆಗಳಲ್ಲಿ 6 ಸಲ ಈ ಕ್ಷೇತ್ರ ಕಳಿಸಿದ್ದು ವಿರೋಧ ಪಕ್ಷದ ಶಾಸಕರನ್ನು.